ಗಾಲಿಯ ಬೆನ್ನ ಮೇಲಿನ ಬರಹ

ಆಷಾಢದ ಮಳೆಯಲ್ಲಿ ಖಾನಾಪುರದಿಂದ ನಂದಗಡಕ್ಕೆ ಬರುವಾಗ ನನ್ನ ತಮ್ಮನ ಮಗನ ಕಾರು ನೀರು ತುಂಬಿದ ಗುಂಡಿಯೊಂದಕ್ಕೆ ಇಳಿಯಿತು. ವೇಗ ಹೆಚ್ಚೇನೂ ಇರಲಿಲ್ಲ. ಎಡಗಡೆಯ ಮುಂದಿನ ಟೈರಿನ ಗಾಳಿ ನೋಡನೋಡುತ್ತ ಇಳಿದುಹೋಯಿತು. ಟೈರಿಗೆ ಗೀರೂ ಬಿದ್ದಿರಲಿಲ್ಲ, ಒಡೆದದ್ದು ಗಾಲಿ. ಆರು ತಿಂಗಳ ಹಿಂದಷ್ಟೇ ಅವನು ಕಾರಿನ ಜತೆ ಬಂದಿದ್ದ ಉಕ್ಕಿನ ಡಿಸ್ಕುಗಳನ್ನು ತೆಗೆಸಿ, ಹದಿನಾರು ಇಂಚಿನ ಹೊಳೆಯುವ ಅಲಾಯ್ ಗಾಲಿಗಳನ್ನು ಹಾಕಿಸಿದ್ದ.

ಮರುದಿನ ಟೈರ್ ಬಿಚ್ಚಿಸಿ ಗಾಲಿಯನ್ನು ಅಂಗಳದ ಬಿಸಿಲಿಗೆ ಹಿಡಿದೆ. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯೊಂದರ ತಪಾಸಣೆ ವಿಭಾಗದಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಕೆಲಸ ಮಾಡಿದವನು ನಾನು. ಒಡೆದ ಮುಖ ನೋಡಿದರೆ ಎರಕದ ಜಾತಕ ತಿಳಿಯುತ್ತದೆ. ಒಳ್ಳೆಯ ಎರಕ ಒಡೆದಾಗ ಅದರ ಮುಖ ನಯವಾದ ಬೂದು ಬಣ್ಣದ್ದಾಗಿ, ಕಣ್ಣಿಗೆ ಸಮನಾಗಿ ಕಾಣುತ್ತದೆ. ಇದರಲ್ಲಿ ದಪ್ಪ ಹರಳುಗಳು ಸಕ್ಕರೆಯ ಹಾಗೆ ಮಿನುಗುತ್ತಿದ್ದವು. ನಡುನಡುವೆ ಸೂಜಿ ಚುಚ್ಚಿದಂಥ ಕಪ್ಪು ಚುಕ್ಕೆಗಳು. ಅರವು ಅಂಚಿಗೆ ಕೂಡುವ ಬುಡದಲ್ಲಿ ಹೆಸರುಕಾಳಿನಷ್ಟು ಒಂದು ಪೊಳ್ಳು. ಬಿರುಕು ಹೊರಟದ್ದು ಆ ಪೊಳ್ಳಿನಿಂದಲೇ. ಗಾಲಿಯನ್ನು ತಿರುವಿ ಹಿಂಬದಿ ನೋಡಿದೆ. ಜೆಡಬ್ಲ್ಯುಎಲ್ ಎಂಬ ಮೂರು ಇಂಗ್ಲಿಷ್ ಅಕ್ಷರ ಬಿಟ್ಟರೆ ಬೇರೇನೂ ಇರಲಿಲ್ಲ. ಎಷ್ಟು ಭಾರ ಹೊರುತ್ತದೆ, ಯಾವಾಗ ಎರಕ ಹೊಯ್ದದ್ದು, ಯಾವ ಒಲೆಯದು, ಒಂದಕ್ಕೂ ಗುರುತಿಲ್ಲ.

“ಹಂಗಾರ ಯಾವ ಕಂಪನೀದು ಛಲೋ, ದೊಡ್ಡಪ್ಪಾ?” ಎಂದು ಹುಡುಗ ಕೇಳಿದ. ಹೊರಗಿನಿಂದ ಗಾಲಿ ಕೊಳ್ಳಹೊರಟ ಪ್ರತಿಯೊಬ್ಬರೂ ಕೇಳುವ ಪ್ರಶ್ನೆ ಇದೇ. ಒಂದು ಹೆಸರು ಹೇಳಿ ಮುಗಿಸಬಹುದಿತ್ತು. ಆದರೆ ಹೆಸರು ಮಾತ್ರ ಹೇಳಿದರೆ ಉತ್ತರ ಪೂರ್ತಿಯಾಗುವುದಿಲ್ಲ. ತಾನು ಮಾಡಿದ ಗಾಲಿಗೆ ಯಾರು ಯಾವ ಮಟ್ಟಿಗೆ ಜವಾಬು ಕೊಡಲು ತಯಾರಿದ್ದಾರೆ ಎಂಬುದರಲ್ಲಿ ಅದರ ಗುಣಮಟ್ಟ ಇದೆ. ಆ ಜವಾಬು ಲೋಹದಲ್ಲೇ, ಗಾಲಿಯ ಬೆನ್ನ ಮೇಲೆ ಮೂಡಿರಬೇಕು.

ನಮ್ಮ ದಾರಿ, ನಮ್ಮ ಪರೀಕ್ಷೆ

ಖಾನಾಪುರ ತಾಲ್ಲೂಕಿನಲ್ಲಿ ಈ ಪ್ರಶ್ನೆಗೆ ಹೆಚ್ಚು ತೂಕವಿದೆ. ಮಲಪ್ರಭೆ ಹುಟ್ಟುವ ಕಣಕುಂಬಿಯಿಂದ ಜಾಂಬೋಟಿವರೆಗಿನ ಸೀಮೆ ರಾಜ್ಯದಲ್ಲೇ ಹೆಚ್ಚು ಮಳೆ ಬೀಳುವ ಜಾಗಗಳಲ್ಲೊಂದು. ಬೆಳಗಾವಿಯಿಂದ ಖಾನಾಪುರ, ಲೋಂಡಾ, ಅನಮೋಡ ಹಾದು ಗೋವಾಕ್ಕೆ ಹೋಗುವ ಹೆದ್ದಾರಿಯ ಅಗಲೀಕರಣ ವರ್ಷಗಟ್ಟಲೆ ಎಳೆದಾಡಿತು. ಹಿಂದೆ 4ಎ ಎಂದಿದ್ದ ಈ ರಸ್ತೆಗೆ ಈಗ 748ರ ಸಂಖ್ಯೆ. ಆ ದಾರಿ ಕೆಟ್ಟಾಗ ಜನ ಚೋರ್ಲಾ ಘಾಟಿಯ ಕಡೆ ತಿರುಗುತ್ತಾರೆ, ಅಲ್ಲಿಯೂ ಮಳೆಗಾಲದ ಕಥೆ ಬೇರೆಯಲ್ಲ. ನಂದಗಡಕ್ಕೆ ಸಂಗೊಳ್ಳಿ ರಾಯಣ್ಣನ ಸಮಾಧಿಗೆಂದು ಊರೂರಿನಿಂದ ಕಾರುಗಳು ಬರುತ್ತವೆ. 1831ರ ಜನವರಿ 26ರಂದು ಅವನನ್ನು ಗಲ್ಲಿಗೇರಿಸಿದ ನೆಲ ಇದು. ಬರುವ ಕಾರುಗಳಲ್ಲಿ ಅರ್ಧಕ್ಕರ್ಧ ಹೊರಗಿನ ಅಂಗಡಿಯಲ್ಲಿ ಹಾಕಿಸಿದ ಗಾಲಿಯವೇ ಎಂದು ನೋಡಿದಾಗೆಲ್ಲ ಅನಿಸುತ್ತದೆ. ನೀರು ನಿಂತ ಗುಂಡಿಯ ಆಳ ಯಾರಿಗೂ ಕಾಣುವುದಿಲ್ಲ. ಅಲ್ಲಿ ಗಾಲಿಯೇ ಪರೀಕ್ಷೆಗೆ ಕೂರುತ್ತದೆ.

ಇನ್ನೊಂದು ಕಾರಣಕ್ಕೂ ಈ ವಿಷಯ ನಮ್ಮದು. ಬೆಳಗಾವಿ ಎರಕದ ಊರು. ಉದ್ಯಮಬಾಗ, ಮಚ್ಛೆಗಳ ಫೌಂಡ್ರಿಗಳಲ್ಲಿ ಬೀಡುಕಬ್ಬಿಣದ ಎರಕ ಹೊಯ್ದು ಬೆಳೆದ ಮನೆಗಳು ಸಾವಿರಾರು. ಯಮನಾಪುರದಲ್ಲಿ ಇಂಡಾಲ್ ಕಂಪನಿ 1960ರ ದಶಕದ ಕೊನೆಯಲ್ಲಿ ಅಲ್ಯೂಮಿನಾ ಕಾರ್ಖಾನೆ ಕಟ್ಟಿತು. ಈಗ ಅದು ಹಿಂಡಾಲ್ಕೊ ಕೈಯಲ್ಲಿದೆ. ಹತ್ತರಗಿಯಲ್ಲಿ 2009ರಲ್ಲಿ ಶುರುವಾದ ಏಕಸ್ ವಿಶೇಷ ಆರ್ಥಿಕ ವಲಯದಲ್ಲಿ ವಿಮಾನದ ಭಾಗಗಳನ್ನು 10,000 ಟನ್ ಶಕ್ತಿಯ ಪ್ರೆಸ್ಸಿನಲ್ಲಿ ಒತ್ತಿ ಮಾಡುತ್ತಾರೆ. ಗಾಲಿಯ ಒಳಿತು ಕೆಡುಕು ಅಳೆಯಲು ಬೇಕಾದ ತಿಳಿವಳಿಕೆ ನಮ್ಮ ಜಿಲ್ಲೆಯಲ್ಲೇ ಇದೆ. ಅಂಗಡಿಯ ಕಟ್ಟೆಯ ಮುಂದೆ ನಿಂತಾಗ ಮಾತ್ರ ಅದನ್ನು ಮರೆತು ಹೊಳಪಿಗೆ ಮನಸೋಲುತ್ತೇವೆ.

ಒಲೆಯಿಂದ ಅಂಚಿನವರೆಗೆ

ಅಲ್ಯೂಮಿನಿಯಂ ಗಾಲಿ ಹೊಸದೇನಲ್ಲ. 1924ರಲ್ಲಿ ಬುಗಾಟಿ ಕಂಪನಿಯ ಟೈಪ್ 35 ರೇಸ್ ಕಾರು ಎರಕದ ಅಲ್ಯೂಮಿನಿಯಂ ಗಾಲಿಗಳ ಮೇಲೆ ಓಡಿತು. 1948ರಲ್ಲಿ ಅಮೆರಿಕದ ಅಲ್ಕೋವಾ ಲಾರಿಗಳಿಗೆ ಒತ್ತುಗಾಲಿ, ಅಂದರೆ ಫೋರ್ಜ್ಡ್ ಗಾಲಿ, ತಂದಿತು. ಈಗ ಮನೆಬಳಕೆಯ ಕಾರಿನ ಅಲಾಯ್ ಗಾಲಿಯ ಲೋಹ ಬಹುಮಟ್ಟಿಗೆ ಒಂದೇ: ಎ356 ಎಂಬ ಮಿಶ್ರಲೋಹ. ಅದರಲ್ಲಿ ಸಿಲಿಕಾನ್ ಸುಮಾರು ಶೇಕಡಾ 7, ಮೆಗ್ನೀಸಿಯಂ ಶೇಕಡಾ 0.25ರಿಂದ 0.45. ಕಬ್ಬಿಣದ ಅಂಶ ಶೇಕಡಾ 0.2 ಮೀರಬಾರದು.

ಈ ಕೊನೆಯ ಅಂಕಿಯ ಹತ್ತಿರವೇ ಕಂಪನಿ ಕಂಪನಿಗಳ ನಡುವಿನ ಮೊದಲ ಅಂತರ ಶುರುವಾಗುತ್ತದೆ. ಹೊಸ ಗಟ್ಟಿಯಿಂದ ಎರಕ ಹೊಯ್ದರೆ ಕಬ್ಬಿಣದ ಅಂಶ ಹಿಡಿತದಲ್ಲಿರುತ್ತದೆ. ಕೈಗೆ ಸಿಕ್ಕ ಗುಜರಿಯನ್ನೆಲ್ಲ ಕರಗಿಸಿದರೆ ಅದು ಏರುತ್ತದೆ. ಏರಿದ ಕಬ್ಬಿಣ ಲೋಹದೊಳಗೆ ಸೂಜಿಯಾಕಾರದ ಹರಳುಗಳಾಗಿ ನಿಲ್ಲುತ್ತದೆ, ಪೆಟ್ಟು ಬಿದ್ದಾಗ ಬಿರುಕು ಆ ಸೂಜಿಗಳ ಉದ್ದಕ್ಕೂ ಓಡುತ್ತದೆ. ಒಳ್ಳೆಯ ಕಾರ್ಖಾನೆಯಲ್ಲಿ ಪ್ರತಿ ಚಾರ್ಜಿಗೂ ಮಾದರಿ ತೆಗೆದು ಸ್ಪೆಕ್ಟ್ರೋಮೀಟರ್‌ನಲ್ಲಿ ಸುಟ್ಟು ನೋಡುತ್ತಾರೆ. ಜತೆಗೆ ಒಂದಿಷ್ಟು ಸ್ಟ್ರಾನ್ಷಿಯಂ ಸೇರಿಸುತ್ತಾರೆ. ಅದರಿಂದ ಸಿಲಿಕಾನಿನ ಚೂಪು ಹರಳುಗಳು ಮೊಂಡಾಗಿ ಲೋಹಕ್ಕೆ ಬಾಗುವ ಗುಣ ಬರುತ್ತದೆ.

ಎರಡನೆಯದು ಅನಿಲ. ಕರಗಿದ ಅಲ್ಯೂಮಿನಿಯಂ ತೇವವನ್ನು ಕಂಡರೆ ಅದರೊಳಗಿನ ಹೈಡ್ರೋಜನ್ ಹೀರಿಕೊಳ್ಳುತ್ತದೆ. ಹೆಪ್ಪುಗಟ್ಟುವಾಗ ಆ ಅನಿಲ ಸೂಜಿಮೊನೆಯಷ್ಟು ಪೊಳ್ಳುಗಳಾಗಿ ಒಳಗೇ ಉಳಿಯುತ್ತದೆ. ಮಳೆಗಾಲ ಬಂತೆಂದರೆ ಮರಳಿನ ತೇವಕ್ಕೆ ಬ್ಲೋಹೋಲ್ ಬಿದ್ದು ರಿಜೆಕ್ಷನ್ ಏರುವುದನ್ನು ಉದ್ಯಮಬಾಗದ ಯಾವ ಮೋಲ್ಡರ್ ಆದರೂ ಬಲ್ಲ. ನಮ್ಮದು ಕಬ್ಬಿಣ, ಅದು ಅಲ್ಯೂಮಿನಿಯಂ, ತೇವದ ಕಾಟ ಮಾತ್ರ ಎರಡಕ್ಕೂ ಇದ್ದದ್ದೇ. ಅದಕ್ಕೆ ಮದ್ದು ಡಿಗ್ಯಾಸಿಂಗ್: ತಿರುಗುವ ಕೊಳವೆಯಿಂದ ಆರ್ಗನ್ ಇಲ್ಲವೇ ನೈಟ್ರೋಜನ್ ಗುಳ್ಳೆಗಳನ್ನು ಕರಗಿದ ಲೋಹದೊಳಗೆ ಬಿಟ್ಟು ಹೈಡ್ರೋಜನನ್ನು ಹೊರಗೆಳೆಯುವುದು. ಕೆಲವೇ ನಿಮಿಷದ ಕೆಲಸ. ಆ ಕೆಲವು ನಿಮಿಷ ಉಳಿಸಿದವನ ಗಾಲಿಯಲ್ಲಿ ಕಪ್ಪು ಚುಕ್ಕೆಗಳು ಉಳಿಯುತ್ತವೆ.

ಮೂರನೆಯದು ಎರಕ ಹೊಯ್ಯುವ ಬಗೆ. ಮೇಲಿನಿಂದ ಸೌಟಿನಲ್ಲಿ ಸುರಿಯುವುದು ಹಳೆಯ ಪದ್ಧತಿ, ಅದಕ್ಕೆ ಗ್ರ್ಯಾವಿಟಿ ಕಾಸ್ಟಿಂಗ್ ಎನ್ನುತ್ತಾರೆ. ಬೀಳುವ ಲೋಹ ಕಲಕುತ್ತದೆ, ಮೇಲೆ ಕಟ್ಟಿದ ಆಕ್ಸೈಡ್ ಪೊರೆ ಒಳಗೆ ಮಡಚಿಕೊಳ್ಳುತ್ತದೆ. ಲೋ ಪ್ರೆಷರ್ ಪದ್ಧತಿಯಲ್ಲಿ ಮುಚ್ಚಿದ ಒಲೆ ಅಚ್ಚಿನ ಕೆಳಗಿರುತ್ತದೆ. ವಾತಾವರಣದ ಒತ್ತಡಕ್ಕಿಂತ ಸ್ವಲ್ಪ ಹೆಚ್ಚಿನ ಗಾಳಿಯೊತ್ತಡ ಕೊಟ್ಟಾಗ ಲೋಹ ಕೊಳವೆಯೊಂದರಿಂದ ಮೆಲ್ಲಗೆ ಮೇಲೇರಿ ಅಚ್ಚನ್ನು ತುಂಬುತ್ತದೆ. ಮೊದಲು ಹೊರ ಅಂಚು ಗಟ್ಟಿಯಾಗುತ್ತದೆ, ಕೊನೆಗೆ ನಡುಭಾಗ. ಅಲ್ಲಿಯವರೆಗೂ ಕೆಳಗಿನಿಂದ ಲೋಹ ಪೂರೈಕೆಯಾಗುತ್ತಲೇ ಇರುವುದರಿಂದ ಕುಗ್ಗಿ ಬೀಳುವ ಪೊಳ್ಳು ಕಡಿಮೆ. ಇಂದು ಕಾರು ಕಂಪನಿಗಳಿಗೆ ಹೋಗುವ ಎರಕದ ಗಾಲಿಗಳಲ್ಲಿ ಬಹುಪಾಲು ಹೀಗೆ ತಯಾರಾದವು.

ಇದರ ಮೇಲಿನ ಮೆಟ್ಟಿಲು ಫ್ಲೋ ಫಾರ್ಮಿಂಗ್. ಎರಕದ ಗಾಲಿಯನ್ನು ಮತ್ತೆ ಕಾಯಿಸಿ, ತಿರುಗಿಸುತ್ತ, ಉರುಳೆಗಳಿಂದ ಅದರ ಅಂಚನ್ನು ಒತ್ತಿ ಎಳೆಯುತ್ತಾರೆ, ಕುಂಬಾರ ತಿಗರಿಯ ಮೇಲೆ ಮಣ್ಣಿನ ಗೋಡೆ ಎಬ್ಬಿಸಿದ ಹಾಗೆ. ಅಂಚು ತೆಳುವಾದರೂ ಬಿಗಿಯಾಗುತ್ತದೆ. ಕೆಲವರು ಇದನ್ನೇ ‘ರೋಟರಿ ಫೋರ್ಜ್ಡ್’ ಎಂದು ಮಾರುತ್ತಾರೆ. ಆ ಮಾತಿಗೆ ಮರುಳಾಗಬಾರದು, ಅರಗಳೂ ನಡುಭಾಗವೂ ಎರಕವೇ ಆಗಿರುತ್ತವೆ. ನಿಜವಾದ ಫೋರ್ಜಿಂಗ್ ಎಂದರೆ 6061 ಜಾತಿಯ ಅಲ್ಯೂಮಿನಿಯಂ ತುಂಡನ್ನು ಸಾವಿರಾರು ಟನ್ ಪ್ರೆಸ್ಸಿನಲ್ಲಿ ಒತ್ತಿ, ಆಮೇಲೆ ಕೊರೆದು ಆಕಾರ ಕೊಡುವುದು. ಅದರಲ್ಲಿ ಪೊಳ್ಳಿಗೆ ಜಾಗವಿಲ್ಲ, ತೂಕ ಕಡಿಮೆ, ಬೆಲೆ ಮಾತ್ರ ಹಲವು ಪಟ್ಟು.

ನಾಲ್ಕನೆಯದು ಕಣ್ಣಿಗೆ ಕಾಣದೇ ಇರುವುದರಿಂದ ಮೋಸಕ್ಕೆ ಹೆಚ್ಚು ಎಡೆ ಇರುವ ಹಂತ. ಟಿ6 ಎಂಬ ಶಾಖ ಸಂಸ್ಕಾರದಲ್ಲಿ ಗಾಲಿಯನ್ನು ಸುಮಾರು 540 ಡಿಗ್ರಿಯಲ್ಲಿ ಗಂಟೆಗಟ್ಟಲೆ ಇಟ್ಟು, ಥಟ್ಟನೆ ನೀರಿಗೆ ಮುಳುಗಿಸಿ, ಮತ್ತೆ ಸುಮಾರು 150-160 ಡಿಗ್ರಿಯಲ್ಲಿ ಹದಗೊಳಿಸುತ್ತಾರೆ. ಮೆಗ್ನೀಸಿಯಂ ಸಿಲಿಕಾನಿನ ಜತೆ ಸೇರಿ ಲೋಹದ ಉದ್ದಗಲಕ್ಕೂ ಸಣ್ಣ ಕಣಗಳಾಗಿ ನಿಂತು ಬಲ ಕೊಡುವುದು ಆಗಲೇ. ವಿದ್ಯುತ್ತೂ ಸಮಯವೂ ಹೆಚ್ಚು ಬೇಡುವ ಕೆಲಸವಾದ್ದರಿಂದ ಅಗ್ಗದ ತಯಾರಕ ಮೊದಲು ಕೈಬಿಡುವುದೂ ಇದನ್ನೇ. ಹದ ಕಾಣದ ಗಾಲಿಗೂ ಹದ ಕಂಡ ಗಾಲಿಗೂ ಬಣ್ಣ ಹೊಡೆದ ಮೇಲೆ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ಬಲದ ಕೊರತೆ ತುಂಬಲು ಅಂಥವರು ಅರಗಳನ್ನು ದಪ್ಪ ಮಾಡುತ್ತಾರೆ. ಅಲಾಯ್ ಎಂದರೆ ಹಗುರ ಎಂದು ನಂಬಿ ತಂದವನ ಗಾಲಿ ಉಕ್ಕಿನ ಡಿಸ್ಕಿಗಿಂತ ಭಾರವಾಗಿ ಕೂರುವುದು ಇದರಿಂದಲೇ.

ಕೊನೆಯದು ತಪಾಸಣೆ. ಕಾರು ಕಂಪನಿಗೆ ಪೂರೈಸುವ ಕಾರ್ಖಾನೆಯಲ್ಲಿ ಗಾಲಿಗಳು ಎಕ್ಸ್‌ರೇ ಯಂತ್ರದ ಮುಂದೆ ಹಾದು, ಹೀಲಿಯಂ ತುಂಬಿ ಸೋರಿಕೆ ನೋಡಿಸಿಕೊಂಡು, ಮಷಿನಿಂಗ್ ಆದ ಮೇಲೆ ತಿರುಗುವಾಗಿನ ಓಟ ತಪ್ಪಿದೆಯೇ ಎಂದು ಅಳೆಸಿಕೊಂಡು ಹೊರಬೀಳುತ್ತವೆ. ನಮ್ಮ ಕೈಗೆ ಬಂದಿದ್ದ ಗಾಲಿ ಇಂಥ ಒಂದು ಎಕ್ಸ್‌ರೇ ಕಂಡಿದ್ದರೂ ಆ ಹೆಸರುಕಾಳಿನ ಪೊಳ್ಳು ಅಲ್ಲೇ ಸಿಕ್ಕಿಬೀಳುತ್ತಿತ್ತು.

ಹೆಸರುಗಳ ಸಾಲು

ಇನ್ನು ಹೆಸರುಗಳಿಗೆ ಬರೋಣ. ಮಾರುಕಟ್ಟೆಯನ್ನು ನಾಲ್ಕು ಸಾಲಾಗಿ ನೋಡಿದರೆ ವಿಷಯ ಬಿಡಿಸಿಕೊಳ್ಳುತ್ತದೆ.

ಮೊದಲ ಸಾಲು ಜಪಾನ್, ಯುರೋಪಿನ ಹಳೆಯ ಮನೆಗಳದು. ಎಂಕೈ 1950ರಲ್ಲಿ ಶುರುವಾದದ್ದು, ಅವರ ಎಂಎಟಿ ಪದ್ಧತಿ ಎರಕದ ಮೇಲೆ ಉರುಳೆ ಒತ್ತುವ ಬಗೆಯದು. ರೇಯ್ಸ್ ಎಂಬ ಕಂಪನಿ 1996ರಲ್ಲಿ ತಂದ ಟಿಇ37 ಒತ್ತುಗಾಲಿ. ಅದರ 15 ಇಂಚಿನ ಮೊದಲ ಮಾದರಿ 3.7 ಕೆಜಿ ತೂಗುತ್ತಿತ್ತು, ಹೆಸರಿನ 37 ಬಂದದ್ದು ಅಲ್ಲಿಂದ. ಇಟಲಿಯ ಓಜೆಡ್ 1971ರದು. ಜರ್ಮನಿಯ ಬಿಬಿಎಸ್ 1970ರಲ್ಲಿ ಷಿಲ್ಟಾಖ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿತು. ಇವುಗಳ ಕೆಲಸದ ಬಗ್ಗೆ ಎರಡು ಮಾತಿಲ್ಲ. ಆದರೆ ಇಲ್ಲಿಯೂ ಹೆಸರೇ ಎಲ್ಲವೂ ಅಲ್ಲ. ಬಿಬಿಎಸ್ 2007ರಿಂದೀಚೆಗೆ ಒಂದಕ್ಕಿಂತ ಹೆಚ್ಚು ಸಲ ದಿವಾಳಿಯಾಗಿ ಕೈಯಿಂದ ಕೈಗೆ ಹೋಯಿತು. ಅದೇ ಹೆಸರಿನ ಜಪಾನಿನ ಒತ್ತುಗಾಲಿ ಕಾರ್ಖಾನೆ ಬೇರೆಯದೇ ಮನೆ. ಹೆಸರು ಅದೇ ಉಳಿದರೂ ಒಲೆ ಬದಲಾಗಬಹುದು. ಮೇಲಾಗಿ ಈ ಕಂಪನಿಗಳ ವಿನ್ಯಾಸಗಳ ನಕಲು ಭಾರತದ ಪ್ರತಿ ನಗರದಲ್ಲೂ ಸಿಗುತ್ತದೆ. ಅರಗಳ ಆಕಾರ ನೋಡಿ ಇದು ಆ ಕಂಪನಿಯದೇ ಎಂದು ತೀರ್ಮಾನಿಸಿದವನು ಮೊದಲ ಹೆಜ್ಜೆಯಲ್ಲೇ ಎಡವುತ್ತಾನೆ.

ಎರಡನೆಯ ಸಾಲು ಕಾರು ಕಂಪನಿಗಳಿಗೆ ನೇರವಾಗಿ ಪೂರೈಸುವ ಭಾರತದ ಕಾರ್ಖಾನೆಗಳದು: ಪುಣೆ ಬಳಿಯ ಶಿಕ್ರಾಪುರದ ಎಂಕೈ ವ್ಹೀಲ್ಸ್ ಇಂಡಿಯಾ, ಜಪಾನಿನ ಕೊಸೈ ಜತೆ ಸೇರಿ ಯುನೊ ಮಿಂಡಾ ಹರಿಯಾಣದ ಬಾವಲ್‌ನಲ್ಲಿ ಕಟ್ಟಿದ ಘಟಕ, ಗುಜರಾತಿನ ಮೆಹ್ಸಾಣಾದಲ್ಲಿ ಸ್ಟೀಲ್ ಸ್ಟ್ರಿಪ್ಸ್ ವ್ಹೀಲ್ಸ್, ಪುಣೆಯ ಮ್ಯಾಕ್ಸಿಯನ್, ವಿಶಾಖಪಟ್ಟಣದ ಸಿನರ್ಜೀಸ್ ಕಾಸ್ಟಿಂಗ್ಸ್. ಶೋರೂಮಿನಿಂದ ಬರುವ ಕಾರಿನ ಗಾಲಿಯ ಮುಂದೆ ಕಾರು ಕಂಪನಿಯ ಲಾಂಛನ ಇರುತ್ತದೆ, ಹೊಯ್ದದ್ದು ಇಂಥ ಯಾವುದೋ ಮನೆಯಲ್ಲಿ. ಒಂದು ಗಾಲಿ ಸೋತರೂ ಕಾರು ಕಂಪನಿ ಆ ದಿನದ ಇಡೀ ಲಾಟ್ ವಾಪಸು ಕಳಿಸಬಲ್ಲದು. ಹಾಗಾಗಿ ಇಲ್ಲಿ ತಪ್ಪಿಗೆ ಬೆಲೆ ತೆರಬೇಕಾದವನು ತಯಾರಕ. ಬಜೆಟ್ ಕಾರಿನ ಮಾಲೀಕನಿಗೆ ನನ್ನ ಮೊದಲ ಸಲಹೆ ಇದೇ ಸಾಲು. ಅದೇ ಕಾರಿನ ಮೇಲಿನ ದರ್ಜೆಯ ಮಾದರಿಗೆ ಕಂಪನಿಯೇ ಕೊಡುವ ಅಲಾಯ್ ಗಾಲಿಯನ್ನು ಅಧಿಕೃತ ಬಿಡಿಭಾಗದ ಅಂಗಡಿಯಿಂದ ಕೊಂಡರೆ ಅಳತೆಯ ತಂಟೆಯೂ ಇರುವುದಿಲ್ಲ.

ಮೂರನೆಯ ಸಾಲು ಹೊರಮಾರುಕಟ್ಟೆಯಲ್ಲೇ ಹೆಸರು ಮಾಡಿದವು. ನಮ್ಮ ಕಡೆಯ ಟೈರ್ ಅಂಗಡಿಗಳಲ್ಲಿ ನಿಯೋ, ಪ್ಲಾಟಿ, ಮೊಮೊ ಮೊದಲಾದ ಹೆಸರುಗಳು ಕೇಳಿಬರುತ್ತವೆ. ಇವುಗಳನ್ನು ಇಡಿಯಾಗಿ ಒಳ್ಳೆಯವು ಎಂದೋ ಕೆಟ್ಟವು ಎಂದೋ ಹೇಳುವುದು ಸರಿಯಲ್ಲ. ಒಂದೇ ಹೆಸರಿನಡಿ ಬೇರೆ ಬೇರೆ ಮಾದರಿ, ಬೇರೆ ಬೇರೆ ಭಾರದ ಮಿತಿ ಇರಬಹುದು. ಇಲ್ಲಿ ಕಂಪನಿಗೆ ಅಂಕ ಕೊಡುವ ಬದಲು ಕೈಯಲ್ಲಿರುವ ಗಾಲಿಗೇ ಅಂಕ ಕೊಡಬೇಕು.

ನಾಲ್ಕನೆಯ ಸಾಲಿಗೆ ಹೆಸರಿಲ್ಲ, ಇದ್ದರೂ ಅದು ವರ್ಷಕ್ಕೊಮ್ಮೆ ಬದಲಾಗುತ್ತದೆ. ಇದನ್ನು ‘ಚೀನಾ ಮಾಲು’ ಎಂದು ಒಂದೇ ಮಾತಿನಲ್ಲಿ ತಳ್ಳುವ ರೂಢಿ ಇದೆ. ಅದು ಅನ್ಯಾಯ. ಜಗತ್ತಿನ ಅತಿ ದೊಡ್ಡ ಅಲಾಯ್ ಗಾಲಿ ತಯಾರಕ ಚೀನಾದ ಸಿಟಿಕ್ ಡಿಕಾಸ್ಟಲ್. 1988ರಿಂದ ಎರಕ ಹೊಯ್ಯುತ್ತಿರುವ ಆ ಕಂಪನಿ ಜಗತ್ತಿನ ದೊಡ್ಡ ಕಾರು ಕಂಪನಿಗಳಿಗೆ ಪೂರೈಸುತ್ತದೆ. ಚೀನಾದ ಗಾಲಿಗಳ ಮೇಲೆ ಯುರೋಪ್ 2010ರಲ್ಲಿ ಶೇಕಡಾ 22.3 ಆ್ಯಂಟಿ ಡಂಪಿಂಗ್ ಸುಂಕ ಹಾಕಿತು. ಭಾರತ 2015ರಲ್ಲಿ ಚೀನಾ, ಕೊರಿಯಾ, ಥಾಯ್ಲೆಂಡ್‌ಗಳ ಎರಕದ ಗಾಲಿಗಳ ಮೇಲೆ ಅಂಥದೇ ಸುಂಕ ಹೇರಿತು. ಎರಡೂ ಕಡೆ ತಕರಾರು ಇದ್ದದ್ದು ಬೆಲೆಯ ಮೇಲೆ, ಗುಣದ ಮೇಲಲ್ಲ. ತೊಂದರೆ ದೇಶದ್ದಲ್ಲ, ಗುರುತಿಲ್ಲದ ಒಲೆಯದು. ಯಾರು ಮಾಡಿದರೆಂದು ತಿಳಿಯದ ಗಾಲಿ ಯಾವ ದೇಶದಿಂದ ಬಂದರೂ, ನಮ್ಮ ದೇಶದ್ದೇ ಆಗಿದ್ದರೂ, ಅಪಾಯ ಒಂದೇ.

ಅಕ್ಷರಗಳ ಅರ್ಥ

ಹಾಗಾದರೆ ಗುರುತು ಎಲ್ಲಿದೆ? ಬೆನ್ನ ಮೇಲೆ. ಜೆಡಬ್ಲ್ಯುಎಲ್ ಎನ್ನುವುದು ಲಘು ಮಿಶ್ರಲೋಹದ ಗಾಲಿಗಳಿಗೆ ಜಪಾನ್ ಸರ್ಕಾರ ಗೊತ್ತುಮಾಡಿದ ಮಾನದಂಡ. ಅದರಲ್ಲಿ ಮುಖ್ಯವಾಗಿ ಮೂರು ಪರೀಕ್ಷೆ: ತಿರುವಿನಲ್ಲಿ ಬೀಳುವ ಬಾಗುಬಲ ಕೊಟ್ಟು ತಿರುಗಿಸುವುದು, ಹೊರಬೇಕಾದ ಭಾರದ ಎರಡು ಪಟ್ಟಿಗೂ ಹೆಚ್ಚು ಹೇರಿ ಉರುಳಿಸುವುದು, ಮತ್ತು ಪೆಟ್ಟು. ನಮ್ಮ ಗುಂಡಿಗಳಿಗೆ ಹತ್ತಿರದ್ದು ಈ ಮೂರನೆಯದು. ಟೈರ್ ತೊಡಿಸಿದ ಗಾಲಿಯನ್ನು 13 ಡಿಗ್ರಿ ಓರೆಯಾಗಿ ಬಿಗಿದು, ಅದರ ಅಂಚಿನ ಮೇಲೆ 230 ಮಿಲಿಮೀಟರ್ ಎತ್ತರದಿಂದ ಭಾರ ಬೀಳಿಸುತ್ತಾರೆ. ಆ ಭಾರದ ಲೆಕ್ಕ ಗಾಲಿ ಹೊರುವ ತೂಕದ 0.6 ಪಟ್ಟಿಗೆ 180 ಕೆಜಿ ಸೇರಿಸಿದಷ್ಟು. ಗಾಲಿ 500 ಕೆಜಿ ಹೊರುವಂಥದ್ದಾದರೆ ಅದರ ಮೇಲೆ 480 ಕೆಜಿ ಬೀಳುತ್ತದೆ. ನಡುಭಾಗ ಸೀಳಬಾರದು, ಒಂದು ನಿಮಿಷದೊಳಗೆ ಗಾಳಿ ಪೂರ್ತಿ ಇಳಿಯಬಾರದು.

ಇಲ್ಲೊಂದು ಸೂಕ್ಷ್ಮವಿದೆ. ಜೆಡಬ್ಲ್ಯುಎಲ್ ಎಂದು ಕೆತ್ತುವುದು ತಯಾರಕ ತಾನೇ ಮಾಡಿಕೊಳ್ಳುವ ಘೋಷಣೆ. ಅದರ ಪಕ್ಕದಲ್ಲಿ ವಿಐಎ ಎಂಬ ಗುರುತೂ ಇದ್ದರೆ ಜಪಾನಿನ ವಾಹನ ತಪಾಸಣಾ ಸಂಸ್ಥೆಯಲ್ಲಿ ಆ ಗಾಲಿ ದಾಖಲಾಗಿದೆ ಎಂದರ್ಥ. ಮೂರು ಅಕ್ಷರಗಳನ್ನು ಅಚ್ಚಿನಲ್ಲಿ ಕೊರೆಯಲು ಯಾರಿಗೂ ಅಡ್ಡಿಯಿಲ್ಲ. ಜರ್ಮನಿಯಲ್ಲಿ ಕಟ್ಟು ಇನ್ನೂ ಬಿಗಿ. ಅಲ್ಲಿ ಹೊರಗಾಲಿಗೆ ಸಾರಿಗೆ ಪ್ರಾಧಿಕಾರದ ಕೆಬಿಎ ಸಂಖ್ಯೆ ಅಥವಾ ತಪಾಸಣೆಯ ಕಾಗದ ಇಲ್ಲದಿದ್ದರೆ ಕಾರಿನ ಓಡಾಟದ ಪರವಾನಗಿಗೇ ಸಂಚಕಾರ. ವಿಶ್ವಸಂಸ್ಥೆಯ ವಾಹನ ನಿಯಮಗಳಲ್ಲಿ 124ನೆಯದು ಬದಲಿ ಗಾಲಿಗಳಿಗೆಂದೇ ಇದೆ.

ನಮ್ಮಲ್ಲಿ ಕಾರಿನ ಗಾಲಿಗೆ ಐಎಸ್ 9436 ಎಂಬ ಮಾನದಂಡ ಬಹಳ ಕಾಲದಿಂದ ಇದೆ, ಆದರೆ ಹೊರಮಾರುಕಟ್ಟೆಯಲ್ಲಿ ಅದನ್ನು ಕೇಳುವವರಿರಲಿಲ್ಲ. 2020ರಲ್ಲಿ ಕೇಂದ್ರ ಸರ್ಕಾರ ವಾಹನಗಳ ಗಾಲಿ ರಿಮ್‌ಗಳಿಗೆ ಗುಣಮಟ್ಟ ನಿಯಂತ್ರಣ ಆದೇಶ ಹೊರಡಿಸಿ, ಐಎಸ್‌ಐ ಮುದ್ರೆಯನ್ನು ಕಡ್ಡಾಯದ ಹಾದಿಗೆ ತಂದಿತು. ಜಾರಿಯ ದಿನ ಮುಂದೆ ಹೋದರೂ ದಿಕ್ಕು ಸರಿಯಾದದ್ದು. ಐಎಸ್‌ಐ ಮುದ್ರೆಯ ಜತೆ ಪರವಾನಗಿ ಸಂಖ್ಯೆ ಇರುತ್ತದೆ. ಬಿಐಎಸ್ ಕೇರ್ ಎಂಬ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಪರವಾನಗಿ ಯಾರದು, ಇನ್ನೂ ಜೀವಂತವಿದೆಯೇ ಎಂದು ತಿಳಿಯುತ್ತದೆ. ಅಂಗಡಿಯ ಮುಂದೆ ನಿಂತೇ ಎರಡು ನಿಮಿಷದಲ್ಲಿ ಮಾಡಬಹುದಾದ ಕೆಲಸ.

ಹಿಂದೆ ನಮ್ಮ ಊರುಗಳಲ್ಲಿ ಚಕ್ಕಡಿಯ ಗಾಲಿ ಕಟ್ಟುತ್ತಿದ್ದ ಬಡಿಗರಿಗೆ ಮುದ್ರೆ ಬೇಕಿರಲಿಲ್ಲ. ಗುಂಬ ಕೊರೆದು, ಅರ ಕೂಡಿಸಿ, ಕಾದ ಕಬ್ಬಿಣದ ಪಟ್ಟಿ ತೊಡಿಸಿ ನೀರು ಹೊಯ್ದು ಬಿಗಿಯುವ ತನಕ ರೈತ ಎದುರಿಗೇ ಕೂತಿರುತ್ತಿದ್ದ. ಗಾಲಿ ಬಿರಿದರೆ ಮರುದಿನ ಬೆಳಗ್ಗೆ ಹೋಗಿ ನಿಲ್ಲಲು ಒಂದು ಅಂಗಳ ಇರುತ್ತಿತ್ತು. ಇಂದಿನ ಗಾಲಿಯ ಬಡಿಗ ಸಾವಿರಾರು ಕಿಲೋಮೀಟರ್ ಆಚೆ ಇದ್ದಾನೆ. ಅವನ ಅಂಗಳದ ದಾರಿ ತೋರಿಸುವುದು ಬೆನ್ನ ಮೇಲಿನ ಈ ಅಕ್ಷರಗಳು ಮಾತ್ರ.

ಅಳತೆ ತಪ್ಪಿದರೆ ಗುಣವೂ ದಂಡ

ಒಳ್ಳೆಯ ಒಲೆಯಿಂದ ಬಂದ ಗಾಲಿಯೂ ಅಳತೆ ತಪ್ಪಿ ಕೂತರೆ ಕೆಟ್ಟ ಗಾಲಿಯೇ. ಬೋಲ್ಟುಗಳ ವೃತ್ತದ ಅಳತೆ, ಅಂದರೆ ಪಿಸಿಡಿ, ಸ್ವಿಫ್ಟ್‌ಗೂ ಹೋಂಡಾ ಸಿಟಿಗೂ 4×100. ನಡುವಿನ ರಂಧ್ರ ಮಾತ್ರ ಸ್ವಿಫ್ಟ್‌ಗೆ 54.1 ಮಿಲಿಮೀಟರ್, ಸಿಟಿಗೆ 56.1. ಎಲ್ಲ ಕಾರಿಗೂ ಕೂರಲೆಂದು ಹೊರಮಾರುಕಟ್ಟೆಯ ಗಾಲಿಗೆ ಹೆಚ್ಚಾಗಿ 73.1ರ ರಂಧ್ರ ಕೊರೆದಿರುತ್ತಾರೆ. ನಡುವಿನ ಸಂದು ತುಂಬಲು ಉಂಗುರ ಹಾಕಬೇಕು. ಹಾಕದಿದ್ದರೆ ಗಾಲಿ ನಡುವಿನಲ್ಲಿ ಕೂರದೆ ಸ್ಟೀರಿಂಗ್ ನಡುಗುತ್ತದೆ, ಜನ ಬ್ಯಾಲೆನ್ಸಿಂಗ್ ಮಾಡಿಸುತ್ತಲೇ ಇರುತ್ತಾರೆ. ನಟ್ಟಿನ ಬುಡವೂ ಬೇರೆ ಬೇರೆ. ಹೋಂಡಾದ ಮೂಲ ಗಾಲಿಗೆ ಗೋಲಾಕಾರದ ಬುಡ, ಹೊರಗಾಲಿಗೆ ಸಾಮಾನ್ಯವಾಗಿ ಶಂಕುವಿನಾಕಾರ. ಹಳೆಯ ನಟ್ಟನ್ನೇ ಹಾಕಿದರೆ ಅದು ಗೆರೆಯಷ್ಟು ಮಾತ್ರ ತಾಗಿ ಕೂರುತ್ತದೆ, ಕ್ರಮೇಣ ಸಡಿಲವಾಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಗಾಲಿಗಳನ್ನು ಬಲಿ ತೆಗೆದುಕೊಂಡದ್ದು ಇಂಚಿನ ಆಸೆ. 165/80 ಆರ್14 ಟೈರಿನ ಪಕ್ಕೆಯ ಎತ್ತರ 132 ಮಿಲಿಮೀಟರ್. 185/65 ಆರ್15ಕ್ಕೆ 120. 205/45 ಆರ್17ಕ್ಕೆ ಬರೀ 92. ಮೂರರ ಒಟ್ಟು ಎತ್ತರ ಹೆಚ್ಚುಕಡಿಮೆ ಒಂದೇ, ಆದರೆ ಗುಂಡಿಯ ಪೆಟ್ಟಿಗೂ ಲೋಹಕ್ಕೂ ನಡುವಿನ ರಬ್ಬರಿನ ಗಾದಿ 40 ಮಿಲಿಮೀಟರ್ ತೆಳುವಾಯಿತು. ಮಳೆಗಾಲದಲ್ಲಿ ಖಾನಾಪುರದ ದಾರಿ ತುಳಿಯುವವನಿಗೆ ಆ 40 ಮಿಲಿಮೀಟರ್ ಎಂಥ ಒತ್ತುಗಾಲಿಗಿಂತಲೂ ದೊಡ್ಡ ರಕ್ಷಣೆ.

ಇದೇ ಕಾರಣಕ್ಕೆ ಉಕ್ಕಿನ ಡಿಸ್ಕನ್ನು ಬಡವರ ಗಾಲಿ ಎಂದು ಕಡೆಗಣಿಸುವುದು ನನಗೆ ಒಪ್ಪಿಗೆಯಿಲ್ಲ. ಉಕ್ಕು ಪೆಟ್ಟಿಗೆ ಬಾಗುತ್ತದೆ, ಬಡಿದು ಸರಿಮಾಡಿ ಊರು ಸೇರಬಹುದು. ಎರಕದ ಅಲ್ಯೂಮಿನಿಯಂ ಬಾಗುವುದು ಕಡಿಮೆ, ಮಿತಿ ಮೀರಿದರೆ ಒಡೆಯುತ್ತದೆ. ಒಡೆದದ್ದನ್ನು ಆರ್ಗನ್ ವೆಲ್ಡಿಂಗ್ ಮಾಡಿ ಬಣ್ಣ ಹೊಡೆದು ಕೊಡುವವರು ಪ್ರತಿ ಪಟ್ಟಣದಲ್ಲೂ ಇದ್ದಾರೆ. ವೆಲ್ಡಿಂಗಿನ ಬಿಸಿಗೆ ಆ ಜಾಗದ ಸುತ್ತಲಿನ ಟಿ6 ಹದವೇ ಹೋಗಿಬಿಡುತ್ತದೆ. ಬಿರುಕು ಮುಚ್ಚುತ್ತದೆ, ಬಲ ಮರಳುವುದಿಲ್ಲ. ಅರದ ಬುಡ ಸೀಳಿದ ಗಾಲಿಯನ್ನು ಮತ್ತೆ ಕಾರಿಗೆ ಹಾಕಲೇಬಾರದು.

ಅಂಗಡಿಯ ಮುಂದೆ

ಒಡೆದ ಗಾಲಿಯ ಬದಲಿಗೆ ಹೊಸ ಸೆಟ್ ತರಲು ನಾವಿಬ್ಬರೂ ಬೆಳಗಾವಿಗೆ ಹೋದೆವು. ಅಂಗಡಿಯವರು ಗೋಡೆಯ ಮೇಲೆ ಸಾಲಾಗಿ ತೂಗುಹಾಕಿದ್ದ ಮುಂಬದಿಗಳನ್ನು ತೋರಿಸಿದರು. “ಇಳಿಸಿ ತಿರುವಿ ತೋರಸ್ರಿ” ಎಂದೆ. ಒಂದೊಂದರ ಬೆನ್ನೂ ಓದಿದೆವು: ಅಳತೆ, ಆಫ್‌ಸೆಟ್, ಹೊರುವ ಭಾರ, ಎರಕದ ತಿಂಗಳು ಮತ್ತು ವರ್ಷ, ಮಾನದಂಡದ ಗುರುತು. ಭಾರದ ಲೆಕ್ಕ ಸುಲಭ. ಕಾರಿನ ಭಾರವಾದ ಆಕ್ಸಲ್ ಹೊರಬಹುದಾದ ಗರಿಷ್ಠ ತೂಕದ ಅರ್ಧಕ್ಕಿಂತ ಗಾಲಿಯ ಮಿತಿ ಕಡಿಮೆ ಇರಬಾರದು. ಆಕ್ಸಲ್ 900 ಕೆಜಿಯದಾದರೆ ಗಾಲಿ 450 ಕೆಜಿಯಾದರೂ ಹೊರಬೇಕು. ಭಾರವನ್ನೇ ಬರೆಯದ ಎರಡು ಬಗೆಯ ಗಾಲಿಗಳನ್ನು ಅಲ್ಲಿಯೇ ಬಿಟ್ಟೆವು.

ಆರಿಸಿದ ನಾಲ್ಕನ್ನು ಟೈರ್ ಹಾಕುವ ಮೊದಲು ಬರಿದಾಗಿಯೇ ಬ್ಯಾಲೆನ್ಸಿಂಗ್ ಯಂತ್ರಕ್ಕೆ ಹಾಕಿಸಿದೆ. ಅಂಗಡಿಯ ಹುಡುಗನಿಗೆ ವಿಚಿತ್ರ ಎನಿಸಿರಬೇಕು, ಆದರೂ ಹಾಕಿದ. ನಾನು ಜೇಬಿನಿಂದ ಸೀಮೆಸುಣ್ಣದ ತುಂಡು ತೆಗೆದು, ಗಾಲಿ ತಿರುಗುವಾಗ ಅಂಚಿನ ಹತ್ತಿರ ಸ್ಥಿರವಾಗಿ ಹಿಡಿದೆ. ಲೇಥ್ ಮುಂದೆ ಕಲಿತ ಹಳೆಯ ಉಪಾಯ. ಓಟ ಸರಿಯಿದ್ದರೆ ಸುತ್ತಲೂ ಒಂದೇ ಸಮನೆ ಗೆರೆ ಬೀಳುತ್ತದೆ, ತಪ್ಪಿದ್ದರೆ ಉಬ್ಬಿದ ಕಡೆ ಮಾತ್ರ. ಮೂರು ಗಾಲಿಗಳಲ್ಲಿ ಬಿಳಿ ಗೆರೆ ಪೂರ್ತಿ ಸುತ್ತು ಬಂತು. ನಾಲ್ಕನೆಯದರಲ್ಲಿ ಅಂಗೈ ಅಗಲದಷ್ಟು ಮಾತ್ರ ಬಿತ್ತು. ಯಂತ್ರವೂ ಅದಕ್ಕೆ ಉಳಿದವುಗಳಿಗಿಂತ ಹೆಚ್ಚು ಸೀಸ ಕೇಳಿತು. “ಟೈರ್ ಹಾಕಿದ ಮ್ಯಾಲ ಸರಿ ಆಕ್ಕೈತ್ರಿ” ಎಂದ ಹುಡುಗ. ಮಾಲೀಕರು ಗೆರೆ ನೋಡಿದರು, ಮಾತಾಡದೆ ಗೋದಾಮಿನಿಂದ ಬೇರೆಯದು ತರಿಸಿದರು. ಗ್ರಾಹಕ ಕೇಳಿದರೆ ಒಳ್ಳೆಯ ವ್ಯಾಪಾರಿ ಕೊಡುತ್ತಾನೆ. ಕೇಳುವುದನ್ನು ನಾವು ಕಲಿಯಬೇಕು.

ಬಿಲ್ಲಿನಲ್ಲಿ ಕಂಪನಿ, ಮಾದರಿ, ಅಳತೆ ಬರೆಸಿಕೊಂಡೆವು. ವಿಮೆ ಕಂಪನಿಗೆ ತಿಳಿಸಿದೆವು. ನೂರು ಕಿಲೋಮೀಟರ್ ಓಡಿದ ಮೇಲೆ ನಟ್ಟುಗಳನ್ನು ಕಾರಿನ ಕೈಪಿಡಿ ಹೇಳಿದ ಬಿಗಿತಕ್ಕೆ ಟಾರ್ಕ್ ಪಾನಾದಿಂದ ಮತ್ತೊಮ್ಮೆ ನೋಡಿದೆವು. ಹದಿನಾರು ಇಂಚು ಬಿಟ್ಟು ಹದಿನೈದಕ್ಕೆ ಇಳಿದದ್ದು ಹುಡುಗನದೇ ತೀರ್ಮಾನ.

ಈ ಇಡೀ ಸಮೀಕ್ಷೆಯಿಂದ ನನಗೆ ಕಂಡದ್ದು ಇಷ್ಟು. ಕಾರು ಕಂಪನಿಗೆ ಪೂರೈಸುವ ಕಾರ್ಖಾನೆಯ ಲೋ ಪ್ರೆಷರ್ ಎರಕ ನಮ್ಮ ದಾರಿಗೆ ಸಾಕು. ಫ್ಲೋ ಫಾರ್ಮಿಂಗ್ ಇದ್ದರೆ ಇನ್ನೂ ಒಳ್ಳೆಯದು. ಫೋರ್ಜಿಂಗ್ ಹಣವಿದ್ದವರ ಆಯ್ಕೆ. ಗುರುತಿಲ್ಲದ ಗಾಲಿ ಯಾವ ಬೆಲೆಗೂ ಬೇಡ. ಒಂದು ತಾಲ್ಲೂಕಿನ ಗಿರಾಕಿಗಳೆಲ್ಲ ಬೆನ್ನು ತೋರಿಸಿ ಎಂದು ಕೇಳತೊಡಗಿದರೆ ಗುರುತಿಲ್ಲದ ಮಾಲನ್ನು ಅಂಗಡಿಯವರೇ ತರಿಸುವುದು ಬಿಡುತ್ತಾರೆ. ಈ ಬದಲಾವಣೆಗೆ ಸರ್ಕಾರದ ಆದೇಶವೊಂದನ್ನೇ ನೆಚ್ಚಿ ಕಾಯಬೇಕಾಗಿಲ್ಲ.

ಒಡೆದ ಗಾಲಿಯನ್ನು ಹುಡುಗ ಗುಜರಿಗೆ ಹಾಕಿಲ್ಲ. ಅವರ ಮನೆಯ ಪಡಸಾಲೆಯ ಮೂಲೆಯಲ್ಲಿ, ಹೆಸರುಕಾಳಿನ ಪೊಳ್ಳು ಕಾಣುವಂತೆ ಒರಗಿಸಿಟ್ಟಿದ್ದಾನೆ. ಹೊಸ ಗಾಲಿ ಹಾಕಿಸಬೇಕೆಂದು ಗೆಳೆಯರು ಬಂದರೆ ಮೊದಲು ಅದನ್ನು ತೋರಿಸುತ್ತಾನೆ. ಆಮೇಲೆ ಮೊಬೈಲಿನಲ್ಲಿ ಕಾರಿನ ಆರ್‌ಸಿ, ವಿಮೆ ಕಾಗದಗಳ ಜತೆ ಇಟ್ಟುಕೊಂಡಿರುವ ನಾಲ್ಕು ಚಿತ್ರ ತೆಗೆಯುತ್ತಾನೆ. ನಾಲ್ಕೂ ಹೊಸ ಗಾಲಿಗಳ ಹಿಂಬದಿಯವು. ಭಾರ, ತಿಂಗಳು, ವರ್ಷ, ಪರವಾನಗಿ ಸಂಖ್ಯೆ ಅವುಗಳಲ್ಲಿ ಸ್ಪಷ್ಟವಾಗಿ ಓದಲು ಬರುತ್ತವೆ.